ರಿಟೈರಾಗಲು ಒಪ್ಪದ ಎಡಗಾಲು

ಒಂದು ದಿನ ನನ್ನ ಕಾರಿನ ಬ್ರೇಕ್ ಪೆಡಲ್ಲಿನ ಮೇಲೆ ಹಳದಿ ಬಣ್ಣದ ಗುರುತೊಂದು ಮೂಡಿತ್ತು. ಆ ಒಂದು ಗುರುತಿನ ದೆಸೆಯಿಂದ ನನ್ನ ಕೈಲಿದ್ದ ಕಾರಿನ ಕೀ ಬೇರೆಯವರ ಕೈಗೆ ಹೋಯಿತು. ಏನಾಗಿರಬಹುದು, ಊಹಿಸಿ ನೋಡೋಣ?

ನಂಜನಗೂಡಿನಲ್ಲಿ ಬೆಳಗಿನ ವಾಕಿಂಗಿಗೆ ಸೇರುವ ನಮ್ಮ ನಿವೃತ್ತರ ಗುಂಪಿಗೂ ಇದೇ ಪ್ರಶ್ನೆ ಹಾಕಿದೆ. ಒಬ್ಬರು ಯೋಚನೆಯನ್ನೇ ಮಾಡದೆ, "ಬಾಳೆಹಣ್ಣು ತುಳಿದಿರ್ತೀರಿ" ಅಂದರು. ನಮ್ಮೂರಿನವರಿಗೆ ಹಳದಿ ಅಂದರೆ ರಸಬಾಳೆ ಬಿಟ್ಟು ಬೇರೇನೂ ಹೊಳೆಯೋದಿಲ್ಲ. ಇನ್ನೊಬ್ಬರು, "ಪೊಲೀಸಿನವರು ಬಣ್ಣ ಹಚ್ಚಿ ಗುರುತು ಮಾಡಿರಬೇಕು, ಇವರ ಕಾರು ಕಂಡರೆ ದೂರ ನಿಲ್ಲಿ ಅಂತ" ಅಂದರು. ಮೂರನೆಯವರು ತೋಟದ ಮನುಷ್ಯ. "ಆಟೋಮ್ಯಾಟಿಕ್ ಕಾರು ಅಲ್ವೇ? ತಾನಾಗೇ ಮಾಗಿರಬೇಕು ಬಿಡಿ" ಅಂದುಬಿಟ್ಟರು.

ಮೂವರದ್ದೂ ತಪ್ಪು. ಸರಿಯುತ್ತರ ಬೇಕಾದರೆ ಕೊನೇತನಕ ಕೂರಬೇಕು. ಆಟೋಮ್ಯಾಟಿಕ್ ಕಾರು ಮನೆಗೆ ಬಂದಾಗಿನಿಂದ ಇಂಥದ್ದು ಒಂದಲ್ಲ ಒಂದು ನಡೀತಾನೇ ಇದೆ. ಒಂದರ ನಗು ಮುಗಿಯೋದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತೆ.

ನಿಂಬೆಹಣ್ಣಿನ ಪರೀಕ್ಷೆ

ಮೊದಲು ನನ್ನ ಹಿನ್ನೆಲೆ ಹೇಳಿಬಿಡ್ತೀನಿ, ಆಮೇಲೆ ಯಾರಪ್ಪಾ ಇವರು ಅನ್ನಿಸಬಾರದು. ನಾನು ರೇಷ್ಮೆ ಬೆಳೆಗಾರರ ಹೊಲ, ಮನೆ ಸುತ್ತುವ ನೌಕರಿಯಲ್ಲಿದ್ದವನು. ಬಿಳಿಗೆರೆ ಕಡೆಯಿಂದ ಮುಡುಕುತೊರೆ ಕಡೆಯವರೆಗೆ ನನ್ನ ಜೀಪು ಏಳಿಸದ ಧೂಳಿಲ್ಲ. ಆ ಜೀಪಿನ ಕ್ಲಚ್ಚು ಎಷ್ಟು ಬಿಗಿ ಅಂದರೆ, ಒತ್ತಬೇಕಾದರೆ ಸೀಟಿನಿಂದ ಅರ್ಧ ಎದ್ದು ನಿಲ್ಲಬೇಕಿತ್ತು. ಆದರೂ ಅದನ್ನು ನಿಂತಲ್ಲಿಂದ ಎಗರಿಸಿಕೊಂಡು ಹೋಗೋದರಲ್ಲಿ ನನಗೆ ಸಮ ಯಾರೂ ಇರಲಿಲ್ಲ. ನಾನು ಹೊರಟೆ ಅಂದರೆ ಹಿಪ್ಪುನೇರಳೆ ಸೊಪ್ಪು ಹೊತ್ತವರು ತಾವಾಗೇ ಬದಿಗೆ ಸರಿಯೋರು. ಭಯಕ್ಕೆ ಅಂತ ನನ್ನ ಹೆಂಡತಿ ಹೇಳ್ತಾಳೆ. ಗೌರವಕ್ಕೆ ಅಂತ ನಾನು ಅಂದುಕೊಂಡಿದ್ದೀನಿ.

ನಿವೃತ್ತಿಯಾದ ಮೇಲೆ ಮಂಡಿನೋವು ಬಂತು, ಅದರ ಹಿಂದೆಯೇ ಆಟೋಮ್ಯಾಟಿಕ್ ಕಾರೂ ಬಂತು. ಶೋರೂಮಿನ ಹೆಣ್ಣುಮಗಳು ನಗುನಗುತ್ತಾ, "ಅಂಕಲ್, ಇದರಲ್ಲಿ ಕ್ಲಚ್ಚೇ ಇಲ್ಲ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ. ಇನ್ಮೇಲೆ ನಿಮ್ಮ ಎಡಗಾಲಿಗೆ ರಿಟೈರ್ಮೆಂಟ್" ಅಂದಳು. ನಾನೂ ರಿಟೈರು, ನನ್ನ ಎಡಗಾಲೂ ರಿಟೈರು. ಇನ್ನೇನು ಬೇಕು ಅಂತ ಹಿಗ್ಗಿದೆ.

ಪೂಜೆಗೆ ಅಂತ ಕಾರನ್ನು ಶೋರೂಮಿನವರೇ ದೇವಸ್ಥಾನದ ಹತ್ತಿರ ತಂದು ನಿಲ್ಲಿಸಿಕೊಟ್ಟು ಹೋದರು. ಅರ್ಚಕರು ಮಂಗಳಾರತಿ ಎತ್ತಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಹೂಂ, ಸ್ವಾಮಿ, ಮುಂದಕ್ಕೆ ಬಿಡಿ" ಅಂದರು. ನಾನು ಚಪ್ಪಲಿ ಕಳಚಿ ಕೈಲಿ ಹಿಡಿದು ಹತ್ತಿದೆ. ಕಾರು ಅಂದರೆ ಮನೆಗೆ ಬಂದ ಲಕ್ಷ್ಮಿ, ಚಪ್ಪಲಿ ಕಾಲು ಇಡಬಾರದು ಅನ್ನೋದು ನಮ್ಮ ಮನೆಯ ಕಟ್ಟಳೆ. ಇವತ್ತಿಗೂ ನಾನು ಬರಿಗಾಲಿನಲ್ಲೇ ಓಡಿಸೋದು. ಈ ಬರಿಗಾಲಿನ ಸಮಾಚಾರ ಸ್ವಲ್ಪ ನೆನಪಿರಲಿ.

ಹೆಂಡತಿ ಪಕ್ಕದ ಸೀಟಿನಲ್ಲಿ, ತೊಡೆ ಮೇಲೆ ಪ್ರಸಾದದ ತಟ್ಟೆ ಇಟ್ಟುಕೊಂಡು ಕೂತಳು. ಗೇರನ್ನು 'ಡಿ'ಗೆ ಹಾಕಿದೆ. ಬ್ರೇಕಿನ ಮೇಲಿನ ಕಾಲು ತೆಗೆದೆ. ಇನ್ನೂ ಆಕ್ಸಿಲರೇಟರ್ ಮುಟ್ಟೇ ಇಲ್ಲ, ಕಾರು ತಾನೇ ಮೆಲ್ಲಗೆ ಹೊರಟಿತು! ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅಂತಲೇ ನಾನು ತಿಳಿದದ್ದು. ಗಾಬರಿಯಾಯಿತು ನೋಡಿ, ರಿಟೈರಾಗಿದ್ದ ಎಡಗಾಲು ಎದ್ದು ಬಂದು, ಜೀಪಿನ ಕ್ಲಚ್ಚನ್ನು ಒತ್ತುವ ಭರದಲ್ಲೇ ಒಂದು ಒತ್ತು ಒತ್ತಿತು. ಅಲ್ಲಿದ್ದದ್ದು ಬ್ರೇಕು.

ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು. ಹೆಂಡತಿಯ ತೊಡೆ ಮೇಲಿದ್ದ ಸಿಹಿ ಪೊಂಗಲ್ ಹಾರಿ ಮುಂದಿನ ಗಾಜಿಗೆ ಒಳಗಿನಿಂದ ಮೆತ್ತಿಕೊಂಡಿತು. ಚಕ್ರದ ಅಂಚಿಗೆ ಸಿಕ್ಕಿ ಅರ್ಧ ಜಜ್ಜಿದ್ದ ಒಂದು ನಿಂಬೆಹಣ್ಣು ಪಿಚಕ್ಕನೆ ಚಿಮ್ಮಿ ಹೋಗಿ ಅರ್ಚಕರ ಮೊಣಕಾಲಿಗೆ ಬಡಿಯಿತು.

ನಾನು ಇಳಿದು ಕ್ಷಮೆ ಕೇಳಿದೆ. ಅವರು ಕಾಲು ಉಜ್ಜಿಕೊಳ್ಳುತ್ತಾ, "ಪರವಾಗಿಲ್ಲ ಬಿಡಿ. ನಿಮ್ಮ ಕಾರಿನ ದೃಷ್ಟಿ ಪೂರ್ತಿ ಹೋಯಿತು" ಅಂದರು. ಆಮೇಲೆ ನಿಟ್ಟುಸಿರು ಬಿಟ್ಟು, "ಎಲ್ಲಾ ನನಗೇ ಬಂತು" ಅಂತ ಸೇರಿಸಿದರು.

ನನ್ನ ಹೆಂಡತಿ ಇಳಿದಳು, ಸೀರೆಗೆ ಅಂಟಿದ ಪೊಂಗಲ್ ಒರೆಸಿಕೊಂಡಳು, ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು. ಅವಳು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಸಾಧಿಸಿ ತೋರಿಸದೆ ಯಾವುದನ್ನೂ ಒಪ್ಪೋ ಪೈಕಿ ಅಲ್ಲ.

"ಏನೂಂದ್ರೆ, ನಿಮ್ಮ ಎಡಗಾಲು ಸುಮ್ಮನಿದೆ ಅಂತ ನನಗೆ ಖಾತ್ರಿಯಾಗೋ ತನಕ ನಾನು ಮುಂದಿನ ಸೀಟಿಗೆ ಬರೋಳಲ್ಲ" ಅಂದಳು.

ಅಲ್ಲಿಂದ ಶುರುವಾಯಿತು ನನ್ನ ತಪಸ್ಸು. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ನಿಂತಲ್ಲಿಂದ ಬಾಣದ ಹಾಗೆ ಕಾರು ಬಿಡಬೇಕು. ಆಸೆ ಅಂದರೆ ಅದೊಂದೇ.

ಸೌಂಡು ಬಂತು, ಕಾರು ಬರಲಿಲ್ಲ

ಬಾಣದ ಹಾಗೆ ಯಾಕೆ, ನಿಧಾನಕ್ಕೆ ಹೋದರೆ ಏನು ಗಂಟು ಹೋಗುತ್ತೆ ಅಂತ ಕೇಳಬಹುದು. ನಮ್ಮ ಬೀದಿಗೆ ಬಂದು ನೋಡಿ. ಅದು ನೇರವಾಗಿ ಹೆದ್ದಾರಿಗೆ ಹೋಗಿ ಬೀಳುತ್ತೆ. ಎಡಗಡೆಯಿಂದ ಮೈಸೂರಿನ ಬಸ್ಸು, ಬಲಗಡೆಯಿಂದ ಗುಂಡ್ಲುಪೇಟೆ ಕಡೆಯ ಲಾರಿ. ಇವೆರಡರ ಮಧ್ಯೆ ಅಪರೂಪಕ್ಕೆ ಒಂದು ಸಂದು ಸಿಗುತ್ತೆ. ಆ ಸಂದಿನಲ್ಲಿ ನುಗ್ಗಿದವನು ಊರು ಸೇರಿದ. ಯೋಚನೆ ಮಾಡಿದವನು ಅಲ್ಲೇ.

ಒಂದು ಬೆಳಿಗ್ಗೆ ಬೀದಿಯ ಆ ಬಾಯಿಗೆ ಬಂದು ನಿಂತೆ. ಹಿಂದಿನ ಸೀಟಿನಲ್ಲಿ ಹೆಂಡತಿ. ಸಂದು ಸಿಗೋ ತನಕ ಗೇರನ್ನು ನ್ಯೂಟ್ರಲ್ಲಿಗೆ ಹಾಕಿಟ್ಟೆ. ಜೀಪಿನ ಕಾಲದ ಅಭ್ಯಾಸ. ಇವತ್ತು ಇವಳಿಗೆ ತೋರಿಸಿಯೇ ಬಿಡೋಣ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸಂದು ಕಂಡಿತು. ಬಲಗಾಲನ್ನು ತಳದವರೆಗೂ ಒತ್ತಿದೆ.

ಇಂಜಿನ್ ಘರ್ಜಿಸಿತು ನೋಡಿ! ಆ ಘರ್ಜನೆಗೆ ಪಕ್ಕದ ಕಬ್ಬಿನಹಾಲಿನ ಅಂಗಡಿಯವನು ಮೆಷಿನ್ ನಿಲ್ಲಿಸಿ ತಿರುಗಿ ನೋಡಿದ. ಲಾರಿಯವನು ಬ್ರೇಕ್ ಹಾಕಿದ. ಬಸ್ಸಿನವನು ಬ್ರೇಕ್ ಹಾಕಿದ. ಅದರ ಹಿಂದೆ ಆಟೋಗಳು, ಬೈಕುಗಳು ಎಲ್ಲ ನಿಂತವು. ಈ ಮನುಷ್ಯ ನುಗ್ಗಿಬಿಡ್ತಾನೆ ಅಂತ ಇಡೀ ಹೆದ್ದಾರಿ ನನಗೆ ದಾರಿ ಬಿಟ್ಟು ಉಸಿರು ಬಿಗಿಹಿಡಿದು ನಿಂತಿತು. ಮಹಾರಾಜರ ಸವಾರಿಗೂ ಅಷ್ಟು ಜಾಗ ಸಿಕ್ಕಿತ್ತೋ ಇಲ್ಲವೋ.

ನಾನು ಮಾತ್ರ ಇದ್ದಲ್ಲೇ ಇದ್ದೆ. ಒತ್ತಿದೆ, ಇನ್ನೂ ಒತ್ತಿದೆ. ಸದ್ದು ಮುಗಿಲಿಗೆ ಹೋಯಿತು, ಕಾರು ಒಂದು ಗೇಣೂ ಹೋಗಲಿಲ್ಲ.

ಅಲ್ಲಿ ನಿಂತಿದ್ದ ಹೋಮ್‌ಗಾರ್ಡ್ ಸಮಾಧಾನವಾಗಿ ನಡೆದು ಬಂದು ಕಿಟಕಿಗೆ ಬಗ್ಗಿದ. "ಸಾ, ಸೌಂಡು ಬಾಳ ಚೆನ್ನಾಗದೆ. ಜೊತೇಲಿ ಕಾರೂ ತಂದಿದ್ದೀರಾ?"

ಡ್ರೈವರ್‌ಗಳಿಗೆ ಊಟ ಹಿಂದುಗಡೆ

ಹೆಂಡತಿ ಹಿಂದೆ, ಗಂಡ ಮುಂದೆ ಹೀಗೆ ಊರೂರು ತಿರುಗಿದರೆ ಏನಾಗುತ್ತೆ ಅನ್ನೋದು ಟಿ. ನರಸೀಪುರದ ಒಂದು ಮದುವೆಯಲ್ಲಿ ಗೊತ್ತಾಯಿತು. ಅದು ನನ್ನ ಹೆಂಡತಿಯ ತವರೂರು. ಅವಳು ರೇಷ್ಮೆ ಸೀರೆ ಉಟ್ಟು, ಮೈಸೂರು ಮಲ್ಲಿಗೆ ಮುಡಿದು, ಹಿಂದಿನ ಸೀಟಿನ ನಡುಮಧ್ಯೆ ಜಿಲ್ಲಾಧಿಕಾರಿಗಳ ಹಾಗೆ ಕೂತಿದ್ದಳು. ಸೆಕೆ ಅಂತ ನಾನು ಬಿಳಿ ಅರ್ಧ ತೋಳಿನ ಅಂಗಿ ಹಾಕಿದ್ದೆ. ಅದೇ ತಪ್ಪಾದದ್ದು.

ಛತ್ರದ ಬಾಗಿಲಲ್ಲಿ ಗಾಡಿ ನಿಲ್ಲಿಸೋ ಜಾಗ ತೋರಿಸುವವನೊಬ್ಬ ಕೈ ಅಡ್ಡ ಹಾಕಿದ. "ಅಮ್ಮಾವ್ರನ್ನ ಇಲ್ಲೇ ಇಳಿಸ್ಬುಡಿ. ಗಾಡಿ ಆ ಹುಣಸೆಮರದ ತಾವ ಹಾಕಿ. ಡ್ರೈವರ್‌ಗಳಿಗೆ ಊಟ ಹಿಂದುಗಡೆ, ಪಲಾವ್ ಖಾಲಿ ಆಗೋ ಮುಂಚೆ ಓಗಿ."

ನನಗೆ ಮೈ ಉರಿಯಿತು. "ಏನ್ರೀ, ನಾನು ರಿಟೈರ್ಡ್ ಅಧಿಕಾರಿ ಕಣ್ರೀ!"

ಆತ ನನ್ನ ಭುಜ ತಟ್ಟಿದ. "ಆಗ್ಲಿ ಬುಡಿ ಸಾ. ರಿಟೈರ್ ಆದ್ಮೇಲೆ ಎಲ್ರೂ ಏನಾರ ಒಂದು ಮಾಡ್ಕತಾರೆ. ದುಡಿಯಾಕೆ ಯಾತರ ನಾಚ್ಕೆ?"

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಗಾಡಿ ನಿಲ್ಲಿಸಿ ಒಳಗೆ ಬರೋ ಹೊತ್ತಿಗೆ, ಚಿನ್ನದ ಕಟ್ಟಿನ ಕನ್ನಡಕದ ಹೆಂಗಸೊಬ್ಬರು ನನ್ನ ಹೆಂಡತಿಯನ್ನು ಬದಿಗೆ ಕರೆದು ವಿಚಾರಿಸುತ್ತಿದ್ದರು. "ನಿಮ್ಮ ಡ್ರೈವರ್ ವಯಸ್ಸಾದೋರು, ನಂಬಿಕಸ್ಥರ ಹಾಗೆ ಕಾಣ್ತಾರೆ. ಭಾನುವಾರ ಊಟಿಗೆ ಹೋಗಬೇಕಿತ್ತು. ಕಳಿಸಿಕೊಡ್ತೀರಾ? ಮನುಷ್ಯ ಹೇಗೆ?"

ಇವಳಾದರೂ ಅಯ್ಯೋ ಅವರು ನಮ್ಮ ಯಜಮಾನರು ಅನ್ನಬೇಕೋ ಬೇಡವೋ? ಕಂಬದ ಹಿಂದೆ ನಿಂತು ಕಿವಿಗೊಟ್ಟೆ. ನನ್ನ ಹೆಂಡತಿ ಗಂಭೀರವಾಗಿ ಹೇಳಿದಳು. "ಮನುಷ್ಯ ಬಹಳ ಒಳ್ಳೆಯವರು. ಕುಡಿಯಲ್ಲ, ಸೇದಲ್ಲ. ಎಡಗಾಲು ಒಂದು ಸರಿಯಿಲ್ಲ. ಊಟಿ ಬೆಟ್ಟಕ್ಕೆ ಬೇಡಿ, ನಿಮ್ಮ ಪ್ರಾಣದ ಮೇಲೆ ಆಸೆ ಇದ್ದರೆ."

ಟ್ರ್ಯಾಕ್ಟರಿನ ಜೊತೆ ಪಂದ್ಯ

ಆ ಮದುವೆಯಾದ ಮೇಲೆ ನನ್ನ ಹೆಂಡತಿಗೆ ತವರಿನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು. ವಾರವಾರವೂ ಬಸ್ಸು ಹತ್ತಿ ತಮ್ಮನ ಮನೆಗೆ ಹೊರಡೋಳು. "ಹಪ್ಪಳ ಒತ್ತೋಕೆ ಹೋಗ್ತೀನಿ" ಅನ್ನೋಳು. "ಕಾರಿನಲ್ಲಿ ಬಿಡ್ತೀನಿ ಕಣೇ" ಅಂದರೆ, "ಹಪ್ಪಳ ಒತ್ತೋ ತನಕವಾದರೂ ಬದುಕಿರಬೇಕಲ್ಲ" ಅನ್ನೋಳು. ಸಂಜೆ ಬರಿಗೈಲಿ ವಾಪಸ್. "ಎಲ್ಲೇ ಹಪ್ಪಳ?" ಅಂದರೆ, "ಒಣಗ್ತಾ ಇದೆ." ಮುಂದಿನ ವಾರ ಕೇಳಿದರೂ, "ಒಣಗ್ತಾ ಇದೆ." ಇದೆಂಥ ಹಪ್ಪಳವೋ ಅಂತ ನಾನೂ ಸುಮ್ಮನಾದೆ. ನನ್ನ ತಲೆಯಲ್ಲಿ ತುಂಬಿದ್ದದ್ದು ಕಾರು ಒಂದೇ.

ಒಂದು ದಿನ ನಾನೇ ಕಾರು ತಗೊಂಡು ಭಾಮೈದನ ಹತ್ತಿರ ಹೋದೆ. ಅವನು ಬೇಸಾಯಗಾರ, ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ, ಮೊಬೈಲಿನಲ್ಲಿ ವಿಡಿಯೋ ನೋಡೋದರಲ್ಲಿ ಪಂಡಿತ. ನನ್ನ ಕಷ್ಟ ಕೇಳಿ ತೊಡೆ ತಟ್ಟಿ ಎದ್ದ.

"ಭಾವ, ಇಷ್ಟೇನಾ? ರೇಸಿನವರು ಮಾಡೋದು ನೋಡಿದ್ದೀನಿ ನಾನು. 'ಡಿ'ಗೆ ಹಾಕಿ. ಎಡಗಾಲಲ್ಲಿ ಬ್ರೇಕ್ ಒತ್ತಿ ಹಿಡೀರಿ. ಬಲಗಾಲಲ್ಲಿ ಆಕ್ಸಿಲರೇಟರ್ ಕೊಡಿ. ಇಂಜಿನ್ನು ಕಟ್ಟಿಹಾಕಿದ ಹೋರಿ ಥರ ಗುಟುರು ಹಾಕ್ತದೆ. ಆಗ ಎಡಗಾಲು ಪಟ್ ಅಂತ ಬುಟ್ಬುಡಿ. ಕಾರು ಹಾರಿ ಓಗ್ತದೆ."

ಎಡಗಾಲಿಗೆ ಕೆಲಸ! ನನ್ನ ಎಡಗಾಲು ಮರುನೇಮಕದ ಆದೇಶ ಬಂದ ನೌಕರನ ಹಾಗೆ ಪುಳಕಗೊಂಡಿತು.

ಊರಾಚೆ ಅವನದೊಂದು ಬೀಳು ಜಮೀನಿದೆ, ಗಟ್ಟಿ ನೆಲ. "ಪಂದ್ಯ ಕಟ್ಟೋಣ ಭಾವ, ನಂದು ಟ್ರ್ಯಾಕ್ಟರು, ನಿಮ್ದು ಕಾರು. ಆ ಕೊನೆ ಬೇವಿನ ಮರ ಮುಟ್ಟೋದು" ಅಂದ. ನನಗೆ ನಗು ಬಂತು. ಹಿಂದೆ ನೇಗಿಲು ಕಟ್ಟಿಕೊಂಡ ಟ್ರ್ಯಾಕ್ಟರಿಗೂ ನನ್ನ ಹೊಸ ಕಾರಿಗೂ ಪಂದ್ಯವೇ? ಕರುಣೆಯಿಂದ ಒಪ್ಪಿಕೊಂಡೆ.

ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ. ಇಂಜಿನ್ ಗುಟುರು ಹಾಕಿತು. ಅವನು "ಹೂಂ!" ಅಂದ. ಎಡಗಾಲು ಪಟ್ ಅಂತ ಬಿಡಬೇಕು.

ನೋಡಿ, ಮೋಸ ಆದದ್ದೇ ಇಲ್ಲಿ. ಇಡೀ ನೌಕರಿಯಲ್ಲಿ ನನ್ನ ಎಡಗಾಲು ಕಲಿತದ್ದು ಪೆಡಲ್ ಬಿಡುವ ಒಂದೇ ವಿಧಾನ. ಮೆಲ್ಲಗೆ, ನಯವಾಗಿ, ಹಾಲಿನ ಕೆನೆ ತೆಗೆಯೋ ಹಾಗೆ, ಹಾಫ್ ಕ್ಲಚ್ಚಿನಲ್ಲಿ. ಅದು ತನ್ನ ವಿದ್ಯೆಯನ್ನೆಲ್ಲ ಬ್ರೇಕಿನ ಮೇಲೆ ಪ್ರದರ್ಶಿಸಿತು. ಮುಂದಕ್ಕೆ ಎಳೆಯೋದು ಬಲಗಾಲು, ಹಿಂದಕ್ಕೆ ಹಿಡಿಯೋದು ಎಡಗಾಲು. ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಾ, ನರಳುತ್ತಾ, ಸುಟ್ಟ ವಾಸನೆ ಬಿಡುತ್ತಾ ತೆವಳಿತು.

ನಾನು ಬೇವಿನ ಮರ ಮುಟ್ಟಿದಾಗ ಭಾಮೈದ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಟವೆಲ್ ಹಾಸಿಕೊಂಡು ನೆರಳಿನಲ್ಲಿ ಕೂತಿದ್ದ. ಎದ್ದು ನಿಂತು ಭಕ್ತಿಯಿಂದ ಹೇಳಿದ. "ಬೇಗ ಬಂದ್ರಿ ಭಾವ. ಅಷ್ಟರಲ್ಲಿ ಇನ್ನೊಂದು ಸಾಲು ಉತ್ತುಬುಡವಾ ಅಂತಿದ್ದೆ."

ಹಪ್ಪಳ ಒಣಗಿದ ದಿನ

ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದೆ. "ಎರಡು ಕಾಲೂ ಒಟ್ಟಿಗೆ ಒತ್ತಬೇಡಿ ಸಾ, ಬ್ರೇಕ್ ಸುಟ್ಟೋಯ್ತದೆ. ಬ್ರೇಕ್ ಬುಡಿ, ಕಾರು ತಾನೇ ಹೆಜ್ಜೆ ಇಡ್ತದೆ, ಆಮೇಲೆ ಆಕ್ಸಿಲರೇಟರ್ ಚೆನ್ನಾಗಿ ಕೊಡಿ. ಎಲ್ಲಾ ಬಲಗಾಲಲ್ಲೇ. ಅಷ್ಟೇಯ" ಅಂದರು. ಊರಾಚೆ ಖಾಲಿ ರಸ್ತೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದೆ. ಏನು ಹೇಳಲಿ! ಒಂದು ಸಲ ಬೆನ್ನು ಸೀಟಿಗೆ ಒತ್ತಿಕೊಂಡಿತು ನೋಡಿ, ಜೀಪಿನ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಮನೆಗೆ ಬಂದು ಘೋಷಣೆ ಮಾಡಿದೆ.

"ಇನ್ನು ಮುಂದಿನ ಸೀಟಿಗೆ ಬಾರೇ. ನನ್ನ ಎಡಗಾಲು ಈಗ ಕಟ್ಟಿಹಾಕಿದ ಹಾಗೆ ಬಿದ್ದಿರುತ್ತೆ. ಅಲ್ಲಾಡೋದೇ ಇಲ್ಲ."

"ಸಾಧಿಸಿ ತೋರಿಸಿ" ಅಂದಳು ಗಣಿತದ ಮೇಡಂ.

"ಹೇಗೆ ತೋರಿಸಲಿ? ನೀನು ಹಿಂದೆ ಕೂತರೆ ನನ್ನ ಕಾಲು ಕಾಣುತ್ತಾ?"

"ಕಾಣೋ ಹಾಗೆ ಮಾಡೋಣ ಬಿಡಿ" ಅಂದಳು. ನನಗೆ ಅರ್ಥವಾಗಲಿಲ್ಲ. "ಎಡಗಾಲು ಬ್ರೇಕ್ ಮುಟ್ಟಿದ್ದು ನೀನು ಸಾಬೀತು ಮಾಡಿದರೆ, ಕಾರಿನ ಕೀ ನಿನ್ನ ಕೈಗೇ ಕೊಟ್ಟುಬಿಡ್ತೀನಿ" ಅಂತ ಜಂಬ ಕೊಚ್ಚಿದೆ. ಕಾರು ಓಡಿಸೋಕೆ ಬಾರದವಳ ಕೈಗೆ ಕೀ ಕೊಟ್ಟರೆ ನನಗೇನು ನಷ್ಟ ಅನ್ನೋ ಧೈರ್ಯ. ಅವಳು ಓಡಿಸಿದ್ದು ಗೇರಿಲ್ಲದ ಸ್ಕೂಟರ್ ಒಂದೇ. ಸ್ಕೂಲಿಗೆ ಅದರಲ್ಲೇ ಹೋಗಿ ಬರೋಳು.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಮನೆಯಲ್ಲಿ ಪೂಜೆ ಮುಗಿಸಿ, ಟಿ. ನರಸೀಪುರದ ಸಂಗಮಕ್ಕೆ ಹೊರಟೆವು. ಪೂಜೆಯ ಮಣೆಯಿಂದ ಎದ್ದವನು ಬರಿಗಾಲಿನಲ್ಲೇ ನೇರ ಕಾರಿಗೆ. ಹೆಂಡತಿ ಎಂದಿನ ಹಾಗೆ ಹಿಂದಿನ ಸೀಟಿಗೆ. ದಾರಿಯುದ್ದಕ್ಕೂ ಸೋನೆ ಮಳೆ, ಎರಡೂ ಕಡೆ ಹಸಿರು ಗದ್ದೆ. ನಾನು ಹಾಡಿಕೊಂಡೇ ಓಡಿಸಿದೆ. ಒಂದು ಕಡೆಯೂ ಕಾರು ಮುಗ್ಗರಿಸಲಿಲ್ಲ. ಸಂಗಮದಲ್ಲಿ ಮಳೆ ಅಂತ ನಾನು ಇಳಿಯಲೇ ಇಲ್ಲ. ತುಂಬಿ ಹರಿಯೋ ಹೊಳೆಗೆ ಕೂತಲ್ಲಿಂದಲೇ ಕೈಮುಗಿದೆ. ಹೆಂಡತಿ ಇಳಿದು ಹೋಗಿ ಹೂವು ಬಿಟ್ಟು ಬಂದಳು.

ವಾಪಸ್ ಹೊಳೆ ಕಡೆಯಿಂದ ಏರು ಹತ್ತಿ ಮುಖ್ಯ ರಸ್ತೆಯ ಬಾಯಿಗೆ ಬಂದು ನಿಂತೆ. ಹಿಂದೆ ಒಂದು ಪ್ರೈವೇಟ್ ಬಸ್ಸು, ಅದರ ಹಿಂದೆ ಗಾಡಿಗಳ ಸಾಲು. ಮುಂದೆ ಕಬ್ಬಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗ್ತಾ ಇವೆ. ನಾನು ಕಾದಿದ್ದ ಘಳಿಗೆಯೇ ಇದು! ಸಂದು ಕಂಡಿತು. ಬ್ರೇಕ್ ಬಿಟ್ಟೆ. ಕಾರು ಹೆಜ್ಜೆ ಇಟ್ಟಿತು. ಬಲಗಾಲಲ್ಲಿ ಆಕ್ಸಿಲರೇಟರ್ ಚೆನ್ನಾಗಿ ಕೊಟ್ಟೆ. ಕಾರು ಚಿಮ್ಮಿತು.

ಚಿಮ್ಮಿ, ಅಲ್ಲೇ ಮುಗ್ಗರಿಸಿ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕುಪ್ಪಳಿಸಿತು, ಮತ್ತೆ ನಿಂತಿತು. ಬಸ್ಸಿನವನ ಹಾರನ್ನು ಕಿವಿ ಕಿತ್ತುಹಾಕಿತು. ಕಂಡಕ್ಟರ್ ಇಳಿದು ಬಂದ.

"ಏನ್ ಸಾ, ಬ್ರೇಕ್ ಫೇಲಾ?"

ಹಿಂದಿನ ಬಾಗಿಲು ತೆರೆದು, ಕೊಡೆ ಬಿಚ್ಚಿಕೊಂಡು ನನ್ನ ಹೆಂಡತಿ ಇಳಿದಳು. "ಬ್ರೇಕ್ ಸರಿಯಾಗಿದೆ ಕಣಪ್ಪ. ಕಾಲು ಫೇಲು."

"ನನ್ನ ಎಡಗಾಲು ಮುಟ್ಟೇ ಇಲ್ಲ!" ಅಂತ ನಾನು ಕೂಗಿದೆ. ನಿಜವಾಗಿಯೂ ಹಾಗೇ ನಂಬಿದ್ದೆ ಕಣ್ರೀ. "ಏರು ಜಾಸ್ತಿ, ರಸ್ತೆ ಒದ್ದೆ, ಕಾರಿನಲ್ಲೇ ಏನೋ ಐಬು."

ಅವಳು ನನ್ನ ಬಾಗಿಲು ತೆಗೆದು, ಬಗ್ಗಿ, ಮೊಬೈಲಿನ ಟಾರ್ಚ್ ಬಿಟ್ಟಳು. ಬ್ರೇಕ್ ಪೆಡಲ್ಲಿನ ಮೇಲೆ ಅಗಲವಾಗಿ, ಬಂಗಾರದ ಹಾಗೆ, ಹಳದಿ ಗುರುತು.

"ಇದು ಯಾರ ಕಾಲಿಂದು?"

"ನನ್ನದೇ. ಬ್ರೇಕ್ ಒತ್ತಿದ್ದು ಬಲಗಾಲು. ಬೆಳಿಗ್ಗೆ ನೀನೇ ಅರಿಶಿನ ಹಚ್ಚಿದೆಯಲ್ಲ, ಅದು ಹತ್ತಿದೆ."

"ಆ ಕಾಲು ಎತ್ತಿ ತೋರಿಸಿ."

ಬಲಗಾಲು ಎತ್ತಿದೆ. ಕಂಡಕ್ಟರ್ ಕೂಡ ಬಗ್ಗಿ ನೋಡಿದ. ಪಾದ ಬೆಳ್ಳಗೆ, ಬೆರಳ ಸಂದಿಯಲ್ಲಿ ಒಂದು ಒಣಗಿದ ಮಲ್ಲಿಗೆ ಎಸಳು. ಅರಿಶಿನದ ಸುಳಿವೇ ಇಲ್ಲ.

"ಬಲಗಾಲಿಗೆ ಬರೀ ಹೂವು ಏರಿಸಿದೆ" ಅಂದಳು ನನ್ನ ಹೆಂಡತಿ, ಕಪ್ಪು ಹಲಗೆಯ ಮುಂದೆ ನಿಂತ ಧ್ವನಿಯಲ್ಲಿ. "ಅರಿಶಿನ ಹಚ್ಚಿದ್ದು ಎಡಗಾಲಿಗೆ ಮಾತ್ರ. ಅಂಗಾಲಿನ ತುಂಬ. ಬೇಗ ಒಣಗಬಾರದು ಅಂತ ಎಳ್ಳೆಣ್ಣೆ ಬೆರೆಸಿ ಹಚ್ಚಿದ್ದೆ. ಆದ್ದರಿಂದ ಬ್ರೇಕ್ ಒತ್ತಿದ ಕಾಲು ಎಡಗಾಲೇ ಎಂದು ಸಾಧಿಸಿದೆ."

ಕಂಡಕ್ಟರ್ ಚಪ್ಪಾಳೆ ತಟ್ಟಿದ. "ಅಬ್ಬಬ್ಬಾ! ಅವ್ವಾವ್ರೇ, ನಮ್ ಬಸ್ಟ್ಯಾಂಡಿಗೆ ಬಂದ್ಬುಡಿ, ಡ್ರೈವರ್‌ಗಳಿಗೆಲ್ಲ ಅರಿಶಿನ ಹಚ್ಚುವಾ."

ಮಣೆ ಮೇಲೆ ಕೂತು ಕಣ್ಣು ಮುಚ್ಚಿ ಆಶೀರ್ವಾದ ಮಾಡ್ತಿದ್ದಾಗ ಇವಳು ನನ್ನ ಅಂಗಾಲಿಗೆ ಬಲೆ ನೇಯ್ದಿದ್ದಳು! ಹಿಂದೆ ಹಾರನ್ನು ನಿಂತಿರಲಿಲ್ಲ. ಅವಳು ಕೈ ಚಾಚಿದಳು. "ಕೊಟ್ಟ ಮಾತು. ಕೀ ಕೊಡಿ, ಇಳೀರಿ."

"ಇಳಿದು? ಓಡಿಸೋರು ಯಾರೇ? ಲೈಸೆನ್ಸ್ ಬೇಡವೇ?"

ಅವಳು ಪರ್ಸಿನ ಜಿಪ್ ಎಳೆದು ಒಂದು ಕಾರ್ಡು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಅವಳದೇ ಫೋಟೋ. ಕಾರಿನ ಲೈಸೆನ್ಸು. ನರಸೀಪುರದ ಡ್ರೈವಿಂಗ್ ಸ್ಕೂಲಿಗೆ ವಾರವಾರ ಹೋಗಿ, ಅವರ ಆಟೋಮ್ಯಾಟಿಕ್ ಕಾರಿನಲ್ಲೇ ಕಲಿತದ್ದು.

"ಕೇಳ್ತಾನೇ ಇದ್ದಿರಲ್ಲ, ನೋಡಿ" ಅಂದಳು. "ಹಪ್ಪಳ ಒಣಗಿದೆ."

ನಾನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತೆ. ಅವಳು ಚಪ್ಪಲಿ ಬಿಟ್ಟು ಹತ್ತಿದಳು, ಸೀಟು ಮುಂದಕ್ಕೆ ಎಳೆದುಕೊಂಡಳು, ಸೆರಗು ಸಿಕ್ಕಿಸಿದಳು. ಅಂತೂ ನನ್ನ ಹೆಂಡತಿ ಮುಂದಿನ ಸೀಟಿಗೆ ಬಂದಳು. ಸ್ಟಿಯರಿಂಗ್ ಇರೋ ಕಡೆಯ ಸೀಟಿಗೆ! ಲಾರಿಗಳ ಮಧ್ಯೆ ಒಂದು ಸಂದು ಬಂತು. ಅದನ್ನು ನಾನಾದರೆ ಸಂದು ಅಂತಲೇ ಎಣಿಸುತ್ತಿರಲಿಲ್ಲ. ಅವಳ ಬಲಗಾಲು ಬ್ರೇಕಿನಿಂದ ಎದ್ದು ಆಕ್ಸಿಲರೇಟರಿನ ಮೇಲೆ ಕೂತಿತು, ಎಡಗಾಲು ಮೂಲೆಯಲ್ಲಿ ಸಾಧುವಿನ ಹಾಗೆ ತೆಪ್ಪಗಿತ್ತು. ಕ್ಲಚ್ಚೇ ಕಾಣದ ಕಾಲು, ಅದಕ್ಕೆ ಯಾವ ಹಳೇ ನೆನಪು?

ಕಾರು ಹೊರಟಿತು ನೋಡಿ! ಕವಣೆಯಿಂದ ಬಿಟ್ಟ ಕಲ್ಲು! ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಹಿಂದೆಯೇ ಉಳಿಯಿತು, ಲಾರಿ ಕನ್ನಡಿಯಲ್ಲಿ ಚಿಕ್ಕದಾಯಿತು. ಒಂದು ಜಗ್ಗಿಲ್ಲ, ಒಂದು ಕುಲುಕಿಲ್ಲ. ಹಿಂದಿನಿಂದ ಕಂಡಕ್ಟರ್ ಸೀಟಿ ಹೊಡೆದ. ಸಂತೋಷ ತಡೆಯದೆ ನಾನೂ "ಭಲೇ!" ಅಂತ ಕೂಗಿದೆ. ಅಷ್ಟರಲ್ಲಿ ಧಡ್ ಧಡ್ ಅಂತ ಸದ್ದು. ನೋಡಿದರೆ ನನ್ನ ಎಡಗಾಲು ನಾನು ಕೂತ ಕಡೆಯ ಮ್ಯಾಟನ್ನು ಒದೀತಾ ಇದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಒತ್ಕೊಳ್ಳಿ, ಎಷ್ಟು ಬೇಕಾದ್ರೂ ಒತ್ಕೊಳ್ಳಿ. ಅಲ್ಲಿ ಯಾವ ಪೆಡಲ್ಲೂ ಇಲ್ಲ."

ಭಾಮೈದನ ಮನೆ ಮುಂದೆ ಕಾರು ನಿಂತಾಗ ನಾನು ಮೊದಲು ಇಳಿದು, ಸುತ್ತಿ ಬಂದು, ಅವಳ ಬಾಗಿಲು ತೆಗೆದೆ. ಅವಳ ಬಲಪಾದ ಹೊರಗೆ ಬಂದ ಕೂಡಲೇ, ಬೀದಿಯವರೆಲ್ಲ ನೋಡ್ತಿದ್ದಂತೆ, ಬಗ್ಗಿ ಎರಡೂ ಕೈ ಜೋಡಿಸಿ ನಮಸ್ಕಾರ ಹಾಕಿದೆ.

"ಅಯ್ಯಯ್ಯೋ, ಏಳೀಂದ್ರೆ!" ಅಂತ ಅವಳು ಕಾಲು ಒಳಗೆಳೆದುಕೊಂಡಳು. ಬಾಗಿಲಿಗೆ ಬಂದ ಭಾಮೈದ ನಗು ತಡೆಯಲಾರದೆ ಜಗಲಿ ಮೇಲೆ ಕುಸಿದ. "ಭಾವ, ಇವತ್ತಾದ್ರೂ ಬ್ಯಾಡ್ದಾಗಿತ್ತು! ಊರಲ್ಲಿ ಎಲ್ಲಾ ಗಂಡಸ್ರೂ ಮಣೆ ಮ್ಯಾಲೆ ಕುಂತು ಕಾಲು ತೊಳಿಸ್ಕೊಂಡವ್ರೆ, ನೀವು ನೋಡುದ್ರೆ ಬೀದೀಲಿ ಎಡ್ತಿ ಕಾಲಿಗೆ ಬೀಳ್ತಾ ಇದ್ದೀರಿ!"

ಹೌದು ಕಣ್ರೀ. ಅವತ್ತು ಆಷಾಢದ ಕೊನೆಯ ದಿನ, ಭೀಮನ ಅಮಾವಾಸ್ಯೆ.